ಟೀಚರ್ ಮನೆಯವರ ಕುರ್ಚಿ

ಯೂನಿಫಾರ್ಮ್ ಅಮ್ಮ ಹೊಲಿದ ಅಂಗಿ ತೊಡದೆ ನಮ್ಮ ಬೀದಿಯಿಂದ ಯಾವ ಮಗುವೂ ಶಾಲೆಗೆ ಹೋಗಿಲ್ಲ. ನಾನೂ ತೊಟ್ಟಿದ್ದೇನೆ. ತೋಳು ಮಣಿಕಟ್ಟು ದಾಟಿ ಬೆರಳಿನ ತುದಿಗೆ ಬರುತ್ತಿತ್ತು, ಚಡ್ಡಿ ಮಂಡಿಯನ್ನು ನುಂಗಿ ಇನ್ನೂ ಕೆಳಗಿಳಿಯುತ್ತಿತ್ತು. ಯಾರಾದರೂ ತಾಯಂದಿರು ಗೊಣಗಿದರೆ ಆಕೆ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳುತ್ತಿದ್ದರು: "ಬೆಳೆಯೋ ಮೈ ಕಣಮ್ಮ. ಒಂದಿಷ್ಟು ಜಾಸ್ತಿ ಮುಚ್ಚಿಕೊಂಡಿದ್ರೆ ನಿನ್ನ ಗಂಟೇನು ಹೋಗುತ್ತೆ?" ಆ ಮಾತಿಗೆ ಎದುರಾಡಿದವರಿಲ್ಲ. ಆಕೆಯ ಕತ್ತರಿ ಹರಿತವೋ ನಾಲಿಗೆ ಹರಿತವೋ ಎಂದು ಬೀದಿಯಲ್ಲಿ ಆಗಾಗ ಚರ್ಚೆಯಾಗುತ್ತಿತ್ತು.

ಗಂಡ ತೀರಿಹೋದಾಗ ಮಗ ಇನ್ನೂ ತೊಡೆಯ ಮೇಲಿನ ಕೂಸು. ಮುಂದಿನ ಕೋಣೆಯ ಕಿಟಕಿ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು, ಕಾಲಲ್ಲಿ ತುಳಿದು ತುಳಿದು ಅವನನ್ನು ಬೆಳೆಸಿದರು. ಒಂಟಿ ಹೆಂಗಸಿನ ಮೇಲೆ ಎಷ್ಟು ಕಣ್ಣು ಬೀಳುತ್ತವೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ತಮ್ಮ ಕುತ್ತಿಗೆಯಿಂದ ಹಿಮ್ಮಡಿಯವರೆಗೆ, ಮಾತಿನಿಂದ ನಗುವಿನವರೆಗೆ, ಎಲ್ಲವನ್ನೂ ಮುಚ್ಚಿ ಮಡಿಸಿ ಇಟ್ಟುಕೊಂಡರು. ನಾಲ್ಕು ಜನ ಬೆರಳು ತೋರಿಸಬಾರದು, ಅಷ್ಟೇ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಮುಚ್ಚುವ ಅಭ್ಯಾಸ ಒಮ್ಮೆ ಕೈಗೆ ಹತ್ತಿದರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ.

ಮಗ ಶಾಲಾ ವ್ಯಾನಿನ ಡ್ರೈವರ್ ಆದ. ತಾನೇ ಮೆಚ್ಚಿ ಒಬ್ಬಳನ್ನು ಮದುವೆಯಾಗಿ ಬಂದ. ಹುಡುಗಿ ಒಳ್ಳೆಯವಳು, ಎತ್ತರದವಳು, ಅಗಲವಾದ ಭುಜದವಳು, ಮಾತು ಕಡಿಮೆ. ಕೆಲಸ ಮಾತ್ರ ಈಜು ಕಲಿಸುವುದು.

ಕೆಲಸದ ಜಾಗ ಎಲ್ಲರಿಗೂ ಗೊತ್ತಿದ್ದದ್ದೇ. ಬಸ್ ಡಿಪೋ ದಾಟಿದರೆ ಕಾಣುವ ದೊಡ್ಡ ಬಾಗು ಚಾವಣಿಯ ಕಟ್ಟಡ. ಹಿಂದೆ ಯಾವಾಗಲೋ ನಮ್ಮ ಊರಲ್ಲಿ ದೊಡ್ಡ ಕ್ರೀಡಾಕೂಟವೊಂದು ನಡೆದಾಗ ಈಜು ಸ್ಪರ್ಧೆಗೆಂದು ಕಟ್ಟಿದ್ದು. ಆಗ ದೇಶದೇಶಗಳ ಬಾವುಟ ಹಾರಿದವು, ನಮ್ಮ ಬೀದಿಯ ದೀಪಗಳೂ ಆ ನೆಪದಲ್ಲಿ ಉರಿದವು. ಕೂಟ ಮುಗಿಯಿತು, ಬೀಗ ಬಿತ್ತು, ಪಾರಿವಾಳಗಳು ಸಂಸಾರ ಹೂಡಿದವು. ಕೊನೆಗೆ ನಗರಸಭೆಗೆ ನಾಚಿಕೆಯಾಗಿ, ಒಂದಿಷ್ಟು ತೊಳೆದು ಬಳಿದು ಸುತ್ತಲಿನ ಜನರಿಗೆ ಬಿಟ್ಟುಕೊಟ್ಟಿತು. ಪ್ರೇಕ್ಷಕರ ಕುರ್ಚಿಗಳು ಬಣ್ಣಗೆಟ್ಟಿವೆ. ಮೇಲಿಂದ ಧುಮುಕುವ ಕಟ್ಟೆಗೆ ಸರಪಳಿ ಹಾಕಿದ್ದಾರೆ. ಸ್ಪರ್ಧೆಗೆ ಮಾಡಿದ ಕೊಳವಾದ್ದರಿಂದ ಎಲ್ಲಿ ನಿಂತರೂ ಆಳ. ಹೊಸಬರು ನಿಲ್ಲಲೆಂದು ಒಂದು ಬದಿಯಲ್ಲಿ ನೀರಿನೊಳಗೆ ಕಬ್ಬಿಣದ ಅಟ್ಟಣೆ ಇಳಿಸಿ, ಅದು ಮುಗಿಯುವಲ್ಲಿ ಕೆಂಪು ಹಗ್ಗ ಕಟ್ಟಿದ್ದಾರೆ. ಗೆದ್ದವರು ಹತ್ತಿ ನಿಂತು ಪದಕ ಹಾಕಿಸಿಕೊಂಡ ಮೆಟ್ಟಿಲು ಮೂಲೆಯಲ್ಲಿ ಹಾಗೇ ಇದೆ. ಅದರ ಮೇಲೆ ಈಗ ಟವಲ್ಲು, ಚಪ್ಪಲಿ, ಊಟದ ಡಬ್ಬಿ.

ಸೊಸೆ ಅಲ್ಲಿ ಈಜುಡುಗೆ ತೊಟ್ಟು ನಿಲ್ಲುತ್ತಾಳೆ ಎಂಬುದು ಯೂನಿಫಾರ್ಮ್ ಅಮ್ಮನ ಗಂಟಲಲ್ಲಿ ಮುಳ್ಳಾಗಿ ಕೂತಿತು. ಎದುರು ಮನೆಯ ಗುಂಡಿ ಅಂಗಡಿಯಾಕೆ ದಾರ, ಗುಂಡಿ, ಲೇಸಿನ ಜತೆ ಬೀದಿಯ ಸಮಾಚಾರವನ್ನೂ ಚಿಲ್ಲರೆಯಾಗಿ ಹಂಚುವವಳು. ಅವಳು ಕೇಳಿದಾಗ ಅಮ್ಮ, "ಸ್ಟೇಡಿಯಂ ಆಫೀಸಲ್ಲಿ ಇದಾಳೆ. ಫೈಲು ಗೀಲು ನೋಡ್ಕೋತಾಳೆ," ಎಂದುಬಿಟ್ಟರು. ಒಂದು ಸಲ ಬಾಯಿಂದ ಬಿದ್ದ ಮಾತನ್ನು ಕಾಪಾಡಲು ಎಷ್ಟು ಕೆಲಸ! ಈಜುಡುಗೆ ಬೀದಿ ಕಡೆಯ ತಂತಿಯ ಮೇಲೆ ಕಾಣಿಸಬಾರದೆಂದು ಅಪ್ಪಣೆಯಾಯಿತು. ಸೊಸೆ ಬಚ್ಚಲಲ್ಲಿ ಹಾಕಿದಳು. ಅಲ್ಲೂ ಯಾರೋ ನೆಂಟರು ಕೈ ತೊಳೆಯಲು ಹೋದಾರೆಂದು ಅಮ್ಮ ಅದರ ಮೇಲೊಂದು ಟವಲ್ಲು ಹೊದಿಸಿದರು. ಬಟ್ಟೆಗೆ ಮುಗ್ಗು ವಾಸನೆ ಹತ್ತಿತು. ಆಮೇಲೆ ಸೊಸೆ ಅದನ್ನು ಮನೆಗೆ ತರುವುದನ್ನೇ ಬಿಟ್ಟಳು. ಅಮ್ಮ ಅದನ್ನು ತಮ್ಮ ಗೆಲುವು ಎಂದುಕೊಂಡರು.

ಅಷ್ಟರಲ್ಲಿ ಮಂಡಿ ಕೈಕೊಟ್ಟಿತು. ಜೀವಮಾನವಿಡೀ ಯಂತ್ರ ತುಳಿದ ಮಂಡಿ. ಮೆಟ್ಟಿಲು ಇಳಿಯುವಾಗ ಕಟಕಟ ಸದ್ದು ಮಾಡತೊಡಗಿತು. ಡಾಕ್ಟರು ಒತ್ತಿ ನೋಡಿ, "ಅಮ್ಮ, ಮಾತ್ರೆ ಆಮೇಲೆ. ಮೊದಲು ನೀರಲ್ಲಿ ನಡೀರಿ. ಸ್ಟೇಡಿಯಂ ಕೊಳದಲ್ಲಿ ಹೆಂಗಸರಿಗೇ ಅಂತ ಬೆಳಿಗ್ಗೆ ಹೊತ್ತು ಬಿಟ್ಟಿದಾರಲ್ಲ, ಹೋಗಿ," ಎಂದರು. ಇದನ್ನೇ ಸೊಸೆ ತಿಂಗಳುಗಳ ಹಿಂದೆ ಹೇಳಿ ಬೈಸಿಕೊಂಡಿದ್ದಳು. ಅವಳು ಕಲಿಸುವುದು ಸಂಜೆ ಮಕ್ಕಳಿಗೆ ಎಂದು ಅಮ್ಮನ ಲೆಕ್ಕ. ಬೆಳಿಗ್ಗೆ ಬೇಗ ಯಾಕೆ ಹೊರಡುತ್ತಾಳೆಂದು ಯಾವತ್ತೂ ಕೇಳಿರಲಿಲ್ಲ. ಯಾರಿಗೂ ಹೇಳದೆ ಹೋಗಿ ನಾಲ್ಕು ಹೆಜ್ಜೆ ಹಾಕಿ ಬಂದರಾಯಿತು ಎಂದು ನಿಶ್ಚಯಿಸಿದರು.

ಈಜುಡುಗೆ ಅಂಗಡಿಯಲ್ಲಿ ಕೊಳ್ಳುವ ಮಾತೇ ಇಲ್ಲ. ಕೈಯಲ್ಲಿ ಕತ್ತರಿ ಇರುವಾಗ ಇನ್ನೊಬ್ಬರ ಹಂಗೇಕೆ? ಮಿಕ್ಕಿದ್ದ ನೀಲಿ ಯೂನಿಫಾರ್ಮ್ ಬಟ್ಟೆ ತೆಗೆದು ಉದ್ದ ತೋಳು, ಕಾಲರು, ಮಂಡಿ ದಾಟುವ ನೆರಿಗೆ, ಒಳಗೊಂದು ಚಡ್ಡಿ, ಎಲ್ಲ ಸೇರಿಸಿ ಒಂದು ಉಡುಗೆ ಹೊಲಿದರು. ಅಂಚುಗಳು ಗಟ್ಟಿಯಾಗಿರಲೆಂದು ಎರಡೆರಡು ಹೊಲಿಗೆ. ಯಾವ ಶಾಲೆಯ ಹೆಡ್‌ಮಿಸ್ಸೂ ತಪ್ಪು ಹಿಡಿಯಲಾರದ ಉಡುಗೆ. ನೀರು ಏನು ಮಾಡುತ್ತದೆ ಎಂಬುದೊಂದನ್ನು ಮಾತ್ರ ಯೋಚಿಸಿರಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಿಂದ ಹೊರಬಂದಾಗ ಹತ್ತಾರು ಹೆಂಗಸರು ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಅವರೆದುರು ಕಪ್ಪು ಈಜುಡುಗೆಯಲ್ಲಿ, ಕೊರಳಲ್ಲಿ ಸೀಟಿ ಹಾಕಿಕೊಂಡು, ತೊಡೆ ತೋಳು ಎಲ್ಲ ಕಾಣುವ ಹಾಗೆ ನಿಂತವಳು ಸೊಸೆ. ಅತ್ತೆಯನ್ನು ಕಂಡದ್ದೇ ಅವಳ ಮುಖ ಅರಳಿತು. ಮನೆಯಲ್ಲಿ ಆ ಮುಖ ಹಾಗೆ ಅರಳಿದ್ದನ್ನು ಅಮ್ಮ ಕಂಡಿರಲಿಲ್ಲ. ಅವಳು ಒಂದು ಹೆಜ್ಜೆ ಮುಂದೆ ಬಂದಳು.

ಪಕ್ಕದಲ್ಲಿ ನಿಂತಿದ್ದ, ಬೇಕರಿ ನಡೆಸುವ ಹೆಂಗಸೊಬ್ಬಳು ಮೊಣಕೈಯಲ್ಲಿ ತಿವಿದು ಕೇಳಿದಳು. "ಟೀಚರ್ ನಿಮ್ಮನ್ನ ನೋಡಿ ನಗ್ತಿದಾರೆ. ಗೊತ್ತಿರೋರಾ?"

"ಇಲ್ಲಪ್ಪ," ಎಂದರು ಅಮ್ಮ. "ಯಾರೋ ಏನೋ."

ಆ ಕಟ್ಟಡದಲ್ಲಿ ಪಿಸುಮಾತೂ ಚಾವಣಿಗೆ ಬಡಿದು ವಾಪಸು ಬರುತ್ತದೆ. ಸೊಸೆಯ ಹೆಜ್ಜೆ ಅಲ್ಲೇ ನಿಂತಿತು. ಒಂದು ಗಳಿಗೆ ಸೀಟಿಯನ್ನು ಬೆರಳಲ್ಲಿ ತಿರುವಿದಳು. ಆಮೇಲೆ ಎಲ್ಲರಿಗೂ ಹೇಳುವ ದನಿಯಲ್ಲೇ ಹೇಳಿದಳು. "ಹೊಸಬರಾ ಆಂಟಿ? ಬನ್ನಿ. ಏಣಿ ಹಿಡ್ಕೊಂಡು ನಿಧಾನ ಇಳೀರಿ. ಏನೂ ಆಗಲ್ಲ."

ಆಂಟಿ. ನೆಲ ಬಿರಿದು ಒಳಗೆ ಸೇರಿಸಿಕೊಳ್ಳಬಾರದೇ ಎನಿಸಿತು ಅಮ್ಮನಿಗೆ. ನೆಲವಂತೂ ಬಿರಿಯಲಿಲ್ಲ, ನೀರಿತ್ತು, ಇಳಿದರು. ಇಳಿಯುತ್ತಿದ್ದಂತೆ ನೆರಿಗೆಗಳೊಳಗೆ ಗಾಳಿ ತುಂಬಿ ಉಡುಗೆ ಕೊಡೆಯ ಹಾಗೆ ಬಿಚ್ಚಿಕೊಂಡಿತು, ಕಾಲರು ಗದ್ದಕ್ಕೆ ಬಂತು, ಮುಚ್ಚಬೇಕೆಂದು ಹೊಲಿದದ್ದೆಲ್ಲ ಮೇಲೆ ತೇಲಿ ಒಳಚಡ್ಡಿ ಊರಿಗೆಲ್ಲ ಕಂಡಿತು. ಹೆಂಗಸರು ನಕ್ಕರು, ಕೆಟ್ಟ ನಗುವಲ್ಲ, ಆದರೂ ನಗು. ಸೊಸೆ ನಗಲಿಲ್ಲ. ನೀರಿಗಿಳಿದು ಬಂದು, ಎರಡೂ ಅಂಗೈಯಿಂದ ನೆರಿಗೆಯ ಗಾಳಿಯನ್ನು ಒತ್ತಿ ಒತ್ತಿ ಹೊರಹಾಕಿ, "ಸರಿಹೋಯ್ತು. ನನ್ನ ಕೈ ಹಿಡ್ಕೊಂಡು ನಡೀರಿ ಆಂಟಿ," ಎಂದಳು.

ಆ ಸಂಜೆ ಮನೆಯಲ್ಲಿ ಜಗಳವಾಗುತ್ತದೆಂದು ಅಮ್ಮ ಕಾದರು. ಉತ್ತರಗಳನ್ನೂ ಹೊಂದಿಸಿಟ್ಟುಕೊಂಡಿದ್ದರು. ಸೊಸೆ ಬಂದಳು, ಕೈಕಾಲು ತೊಳೆದಳು, ಊಟ ಬಡಿಸಿದಳು. "ಇನ್ನೊಂಚೂರು ಹಾಕ್ಲಾ ಅತ್ತೆ?" ಎಂದಳು. ಅಷ್ಟೇ. ಮಗ ಫೋನು ನೋಡುತ್ತಾ ಉಂಡ. ಬೈದಿದ್ದರೆ ಬೈಗುಳದ ಮರೆಯಲ್ಲಾದರೂ ಅವಿತುಕೊಳ್ಳಬಹುದಿತ್ತು.

ನಾಳೆ ಸರಿಮಾಡೋಣ ಎಂದುಕೊಂಡರು. ನಾಳೆ ಎಲ್ಲರೂ ಇದ್ದರು. ನಾಡಿದ್ದೂ ಇದ್ದರು. ಹೀಗೆ ಕೊಳದಲ್ಲಿ ಆಂಟಿ, ಮನೆಯಲ್ಲಿ ಅತ್ತೆ ಎಂದು ಎರಡು ಸಂಸಾರ ಶುರುವಾಯಿತು. ವಾಪಸು ಬರುವಾಗ ಇಬ್ಬರೂ ಒಂದೇ ಬಸ್ ಸ್ಟಾಪಿನಲ್ಲಿ ಸಿಕ್ಕಿಬಿಟ್ಟರೆ ಸೊಸೆ ಏನೋ ಮರೆತವಳಂತೆ ಒಳಗೆ ಹೋಗಿ, ಬಸ್ಸು ಹೊರಟ ಮೇಲೆ ಬರುತ್ತಿದ್ದಳು. ಅತ್ತೆಯ ಸುಳ್ಳನ್ನು ಅತ್ತೆಗಿಂತ ಜೋಪಾನವಾಗಿ ಅವಳೇ ಕಾಯುತ್ತಿದ್ದಳು.

ಒಂದು ದಿನ ಹೊಲಿಗೆ ಯಂತ್ರದ ಮೇಲೆ ಒಂದು ಪೊಟ್ಟಣ ಕೂತಿತ್ತು. ಒಳಗೆ ಮಂಡಿಯವರೆಗೆ ಬರುವ, ಮೈಗೆ ಅಂಟುವ ಕಪ್ಪು ಈಜುಡುಗೆ. ಚೀಟಿ ಇಲ್ಲ, ಮಾತಿಲ್ಲ. ಬಾಗಿಲು ಹಾಕಿಕೊಂಡು ತೊಟ್ಟು ನೋಡಿದರು: ಭುಜ, ಎದೆ, ಸೊಂಟ, ಒಂದು ಕಡೆಯೂ ಪಿನ್ನು ಹಾಕುವ ಹಾಗಿಲ್ಲ. ಊರಿನವರ ಅಳತೆಯನ್ನೆಲ್ಲ ತೆಗೆದ ಆಕೆಯ ಅಳತೆಯನ್ನು ಇಷ್ಟು ವರ್ಷದಲ್ಲಿ ಯಾರೂ ತೆಗೆದಿರಲಿಲ್ಲ. ದಿನವೂ ನೀರಿನಲ್ಲಿ ಬೆನ್ನ ಕೆಳಗೆ ಕೈಯಿಟ್ಟು ತೇಲಿಸುವವಳಿಗೆ ಅದು ತಿಳಿಯದೆ ಇರುತ್ತದೆಯೇ? ಅಮ್ಮ ಆ ಉಡುಗೆಯಲ್ಲೇ ಮಂಚದ ಮೇಲೆ ಕೂತು ಅತ್ತರು. ಅತ್ತದ್ದೂ ಸೊಸೆಗೆ ಗೊತ್ತಾಗದಂತೆ ಮುಖ ತೊಳೆದುಕೊಂಡರು.

ಮಂಡಿ ಹಗುರಾಯಿತು. ನಡೆಯಲು ಹೋದವರು ಬೆನ್ನ ಮೇಲೆ ತೇಲುವುದನ್ನೂ ಕಲಿತರು. "ಕತ್ತು ಬಿಗಿ ಹಿಡಿದ್ರೆ ಮುಳುಗ್ತೀರಿ ಆಂಟಿ. ತಲೆ ಬಿಟ್ಟುಬಿಡಿ. ನಾನಿದೀನಲ್ಲ," ಎನ್ನುತ್ತಿದ್ದಳು ಸೊಸೆ. ಕಿವಿ ನೀರೊಳಗಿದ್ದಾಗ ಆ ಮಾತು ದೂರದಿಂದ ಬಂದ ಹಾಗೆ ಕೇಳುತ್ತಿತ್ತು. ಮಲಗಿ ಚಾವಣಿಯ ಕಬ್ಬಿಣದ ತೊಲೆಗಳನ್ನು ನೋಡುವಾಗ ಅಮ್ಮನಿಗೆ ಸುಖವೂ ನಾಚಿಕೆಯೂ ಒಟ್ಟೊಟ್ಟಿಗೇ ಆಗುತ್ತಿದ್ದವು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಆಕೆಯ ಮಾತಿಗೆ ಬೇಗ ಬೆಲೆ ಬಂತು. ಯಾರ ಗಂಡನಿಗೆ ಏನು ಉತ್ತರ ಕೊಡಬೇಕು, ಯಾರ ನಾದಿನಿಯ ಬಾಯಿ ಹೇಗೆ ಮುಚ್ಚಿಸಬೇಕು ಎಂದೆಲ್ಲ ಅಲ್ಲಿ ಆಕೆಯೇ ತೀರ್ಪು ಕೊಡುತ್ತಿದ್ದರು. ಒಂದು ಬೆಳಿಗ್ಗೆ ಬೇಕರಿಯಾಕೆ ಕೂದಲು ಹಿಂಡುತ್ತಾ ಶುರುಮಾಡಿದಳು.

"ನೋಡಿದ್ರಾ, ಟೀಚರ್ ತಮ್ಮ ಬಟ್ಟೇನ ದಿನಾ ಆ ಪದಕದ ಮೆಟ್ಟಿಲ ಮೇಲೆ ಒಣಗಿಸ್ತಾರೆ. ಮನೇಲಿ ಹಾಕ್ಬಾರ್ದಾ ಅಂತ ಕೇಳಿದ್ರೆ, ಜಾಗ ಇಲ್ಲ ಅಂತಾರೆ. ಒಂದು ಬಟ್ಟೆ ಒಣಗಿಸೋಕೆ ಜಾಗ ಇಲ್ದಿರೋ ಮನೆ ಯಾವುದ್ರೀ ಇದೆ ಲೋಕದಲ್ಲಿ? ಅತ್ತೆ ಇದಾಳಂತೆ. ಅವಳದೇ ಕಾರುಬಾರು."

"ರಾಕ್ಷಸಿ ಇರ್ಬೇಕು," ಎಂದಳು ಇನ್ನೊಬ್ಬಳು, ಕಾಲು ಒರೆಸಿಕೊಳ್ಳುತ್ತಾ.

ಎಲ್ಲರೂ ಯೂನಿಫಾರ್ಮ್ ಅಮ್ಮನ ಕಡೆ ತಿರುಗಿದರು. ತೀರ್ಪು ಬೇಕಲ್ಲ. ಅಮ್ಮನ ಕಿವಿ ಕೆಂಡವಾಗಿತ್ತು. ಸುಮ್ಮನಿದ್ದರೆ ಅನುಮಾನ ಬಂದೀತು ಎಂದು ಬಾಯಿ ತೆರೆದರು. "ಇರ್ತಾರೆ ಅಂಥವ್ರು. ಸೊಸೆ ದುಡಿದು ತಂದದ್ದು ಬೇಕು, ಅವಳ ಬಟ್ಟೆ ಬೇಡ. ಅಂಥವ್ರಿಗೆ ಮುಖದ ಮೇಲೆ ಹೇಳ್ಬೇಕು." ಹೇಳಿದ ಮೇಲೆ ಇದಕ್ಕಿಂತ ನಿಜವಾದ ಮಾತನ್ನು ತಾವು ಆ ಕೋಣೆಯಲ್ಲಿ ಆಡಿಯೇ ಇಲ್ಲ ಎಂದು ಆಕೆಗೆ ಹೊಳೆಯಿತು.

ಅದು ಅಲ್ಲಿಗೆ ಮುಗಿಯಲಿಲ್ಲ. ಕೊಳವನ್ನು ಜನರಿಗೆ ಬಿಟ್ಟುಕೊಟ್ಟ ವಾರ್ಷಿಕೋತ್ಸವಕ್ಕೆ ಮನೆಯವರನ್ನೆಲ್ಲ ಕರೆಯುವುದೆಂದೂ, ಕಲಿತವರು ಒಬ್ಬೊಬ್ಬರಾಗಿ ಕೊಳ ದಾಟಿ ತೋರಿಸುವುದೆಂದೂ ಗೊತ್ತಾಯಿತು. ಬೇಕರಿಯಾಕೆ ಚಪ್ಪಾಳೆ ತಟ್ಟಿದಳು. "ಟೀಚರ್ ಮನೆಯವ್ರಿಗೂ ಮುಂದಿನ ಸಾಲಲ್ಲಿ ಒಂದು ಕುರ್ಚಿ ಇಡೋಣ. ಆ ಅತ್ತೆ ಬರ್ಲಿ. ನಮ್ಮ ಯೂನಿಫಾರ್ಮ್ ಅಮ್ಮ ಇದಾರಲ್ಲ, ನಯವಾಗಿ ನಾಲ್ಕು ಮಾತು ಹೇಳ್ತಾರೆ. ಇವ್ರ ಬಾಯಿಗೆ ಸಿಕ್ಕಿ ಉಳಿದವ್ರುಂಟಾ?"

ಎಲ್ಲರೂ ಹೋ ಎಂದರು. ಬಾಗಿಲಲ್ಲಿ ನಿಂತಿದ್ದ ಸೊಸೆ, "ಬೇಡ, ಅವರಿಗೆ ಅವತ್ತು ಬೇರೆ ಕೆಲಸ ಇರುತ್ತೆ," ಎಂದಳು. ನಂತರ, "ಅವರು ಒಳ್ಳೆಯವರೇ," ಎಂದು ಸೇರಿಸಿ ಹೊರಟುಹೋದಳು. ಅಮ್ಮನ ಕಡೆ ನೋಡಲಿಲ್ಲ.

ಆ ದಿನ ಹೋಗದೆ ಇದ್ದುಬಿಡಲೇ ಎಂದು ಅಮ್ಮ ಬಹಳ ಯೋಚಿಸಿದರು. ಮಂಡಿ ನೋವಿನ ನೆಪ ಹೇಗೂ ಇತ್ತು. ಆದರೆ ಹೋಗದಿದ್ದರೆ ಸೊಸೆ ಮತ್ತೆ ಯಾವುದೋ ಒಳ್ಳೆಯ ಕಾರಣ ಹುಡುಕಿ ಎಲ್ಲರಿಗೂ ಹೇಳುತ್ತಾಳೆ. ಹೋದರು.

ಮುಂದಿನ ಸಾಲುಗಳು ತುಂಬಿದ್ದವು. ಗಂಡಂದಿರು, ಮೊಮ್ಮಕ್ಕಳು, ಎಲ್ಲರ ಕೈಯಲ್ಲೂ ಫೋನು. ಎರಡನೆಯ ಸಾಲಿನಲ್ಲಿ ಗುಂಡಿ ಅಂಗಡಿಯಾಕೆ! ಅವಳ ತಂಗಿಯೂ ಇದೇ ತರಗತಿಗೆ ಬರುತ್ತಿದ್ದಳಂತೆ. ಅಂಗಡಿಯಾಕೆಯ ಕಣ್ಣು ಆಗಲೇ ಸೀಟಿ ಹಾಕಿಕೊಂಡು ನಿಂತ ಟೀಚರನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಿತ್ತು. ಮೊದಲ ಸಾಲಿನ ನಡುವೆ ಒಂದು ಕುರ್ಚಿ ಖಾಲಿ. ಬೆನ್ನಿಗೆ ಕಾಗದ ಅಂಟಿಸಿ ದಪ್ಪ ಅಕ್ಷರದಲ್ಲಿ ಬರೆದಿದ್ದರು: ಟೀಚರ್ ಮನೆಯವರು.

ಅಮ್ಮನ ಸರದಿ ಬಂತು. ಬೆನ್ನ ಮೇಲೆ ಮಲಗಿದರು, ಅಟ್ಟಣೆಯನ್ನು ಒದ್ದರು. ಸೊಸೆ ಪಕ್ಕದಲ್ಲೇ ಈಜುತ್ತಾ ಬಂದಳು, ಮುಟ್ಟಲಿಲ್ಲ. ಕೆಂಪು ಹಗ್ಗ ದಾಟುವಾಗ ಕೆಳಗೆ ಅಟ್ಟಣೆ ಮುಗಿದು ಬರೀ ಆಳ ಎಂಬುದು ಬೆನ್ನಿಗೆ ತಿಳಿಯಿತು. ಕತ್ತು ಬಿಗಿಯಿತು, ಮೂಗಿಗೆ ನೀರು ಹೊಕ್ಕಿತು, ಕಾಲು ಕೆಳಗೆ ಜಾರಿತು. ತಕ್ಷಣ ಬೆನ್ನ ಕೆಳಗೆ ಆ ಕೈ ಬಂತು. ದಡದವರಿಗೆ ಕಾಣದ ಹಾಗೆ, ನೀರಿನ ಅಡಿಯಲ್ಲಿ. "ತಲೆ ಬಿಡಿ. ಯಾರಿಗೂ ಗೊತ್ತಾಗಲ್ಲ," ಎಂದಳು ಸೊಸೆ ಕಿವಿಯ ಹತ್ತಿರ. ಅಮ್ಮ ತಲೆ ಬಿಟ್ಟರು. ಕೈ ಸರಿಯಿತು. ಆಚೆ ದಡ ತಲೆಗೆ ತಾಗಿದಾಗ ಇಡೀ ಕಟ್ಟಡ ಚಪ್ಪಾಳೆ ತಟ್ಟಿತು.

ಯಾರಿಗೂ ಗೊತ್ತಾಗುವುದಿಲ್ಲ. ಆ ಹುಡುಗಿ ಇಷ್ಟು ದಿನ ಮಾಡಿದ್ದೂ ಅದೇ ತಾನೇ! ಅಮ್ಮನಿಗೆ ಆ ಚಪ್ಪಾಳೆ ಮುಖಕ್ಕೆ ಹೊಡೆದ ಹಾಗಾಯಿತು.

ಏಣಿ ಹತ್ತಿದರು. ಟವಲ್ಲು ಇದ್ದದ್ದು ಪದಕದ ಮೆಟ್ಟಿಲ ಮೇಲೆ, ಅತ್ತ ಹೋಗಲಿಲ್ಲ. ಮೈಗೆ ಅಂಟಿದ ಕಪ್ಪು ಉಡುಗೆಯಲ್ಲಿ, ಬರಿಗಾಲಲ್ಲಿ, ನೀರು ತೊಟ್ಟಿಕ್ಕಿಸುತ್ತಾ ಎಲ್ಲರ ಮುಂದೆ ನಡೆದು ಬಂದು ಆ ಖಾಲಿ ಕುರ್ಚಿಯಲ್ಲಿ ಕೂತರು. ಕಾಗದ ಒದ್ದೆಯಾಗಿ ಬೆನ್ನಿಗೆ ಅಂಟಿತು.

ಬೇಕರಿಯಾಕೆ ಓಡಿ ಬಂದಳು. "ಅಯ್ಯೋ, ಅಮ್ಮಾ, ಅದು ಟೀಚರ್ ಅತ್ತೆಗೆ ಇಟ್ಟಿರೋದು!"

ಅಮ್ಮ ಬಾಯಿ ತೆರೆಯುವ ಮೊದಲೇ ಸೊಸೆ ನೀರಿನಿಂದಲೇ ಕೂಗಿದಳು. "ಪಾಪ, ಆಂಟಿಗೆ ಸುಸ್ತಾಗಿದೆ. ಕೂತ್ಕೊಳ್ಳಲಿ ಬಿಡಿ."

ಮತ್ತೆ ಮುಚ್ಚಿದಳು. ಬೇಕಿದ್ದರೆ ಅಮ್ಮ ಈಗಲೂ ತಲೆಯಾಡಿಸಿ, ಸುಧಾರಿಸಿಕೊಂಡು, ಎದ್ದು ಹೋಗಬಹುದಿತ್ತು. ದಾರಿ ತೆರೆದೇ ಇತ್ತು. ಗುಂಡಿ ಅಂಗಡಿಯಾಕೆ ಮುಂದಕ್ಕೆ ಬಾಗಿದ್ದಳು.

"ಆಂಟಿ ಅಲ್ಲ," ಎಂದರು ಅಮ್ಮ. ಮತ್ತೆ ಹೇಳಿದರು, ಈ ಸಲ ಚಾವಣಿಗೆ ಬಡಿಯುವ ಹಾಗೆ. "ಆಂಟಿ ಅಲ್ಲ, ಅತ್ತೆ. ಅವಳ ಅತ್ತೆ ನಾನೇ. ಅವಳು ಆಫೀಸಲ್ಲಿ ಫೈಲು ನೋಡಲ್ಲ, ಈಜು ಕಲಿಸ್ತಾಳೆ. ಬಟ್ಟೆ ಒಣಗಿಸೋಕೆ ಬಿಡದವಳೂ ನಾನೇ."

ಒಂದು ಮಗು ಮಾತ್ರ ನಕ್ಕಿತು, ಯಾಕೋ. ಬೇಕರಿಯಾಕೆಯ ಮುಖ ಬಿಳಿಚಿತು. ತಾನು ಆಡಿದ ಮಾತುಗಳೆಲ್ಲ ಅವಳ ಕಣ್ಮುಂದೆ ಸಾಲಾಗಿ ನಿಂತಿರಬೇಕು. "ನಾವು... ನಿಮ್ಮೆದುರಿಗೇ... ಆ ನಾಲ್ಕು ಮಾತು..." ಎಂದು ತೊದಲಿದಳು.

"ನೀವು ವಹಿಸಿದ ಕೆಲಸ ಮಾಡಿದೀನಿ ಕಣಮ್ಮ. ಆ ಅತ್ತೆಗೆ ಹೇಳಿ ಆಯ್ತು. ಚೆನ್ನಾಗಿ ನಾಟಿದೆ," ಎಂದರು ಅಮ್ಮ. ಮಂಡಿಗಳು ಬರಿದಾಗಿ, ಊದಿಕೊಂಡು, ಎಲ್ಲರಿಗೂ ಕಾಣುತ್ತಿದ್ದವು. ಅವುಗಳ ಮೇಲೆ ಕೈ ಹೋಗದಂತೆ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಸೊಸೆ ಸೀಟಿ ಊದಿ ಮುಂದಿನವರನ್ನು ಕರೆದಳು.

ಅವತ್ತು ಇಬ್ಬರೂ ಮೊದಲ ಸಲ ಒಂದೇ ಬಸ್ಸಿನಲ್ಲಿ ಬಂದರು. ಪಕ್ಕಪಕ್ಕದಲ್ಲಿ ಕೂತರು. ಸೊಸೆಯ ಮಡಿಲಲ್ಲಿ, ಬಹಳ ದಿನಗಳ ಮೇಲೆ, ಒದ್ದೆ ಬಟ್ಟೆಯ ಚೀಲ. ಡಿಪೋ ದಾಟಿದ ಮೇಲೆ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೇಳಿದರು. "ಮೊದಲ್ನೇ ದಿನ ಬೇಕರಿಯವಳಿಗೆ ನಾನು ಹೇಳಿದ್ದು... ಕೇಳಿಸಿತ್ತಾ ನಿನಗೆ?"

"ಕೇಳಿಸಿತ್ತು ಅತ್ತೆ."

ಪರವಾಗಿಲ್ಲ ಬಿಡಿ ಅತ್ತೆ ಎನ್ನುತ್ತಾಳೆಂದು ಅಮ್ಮ ಕಾದರು. ಎರಡು ಸ್ಟಾಪು ಹೋದವು. ಆ ಮಾತು ಬರಲಿಲ್ಲ. ಬರದಿದ್ದದ್ದೇ ಸರಿ ಎಂದು, ಎಷ್ಟೋ ದಿನದ ಮೇಲೆ ಇದನ್ನೆಲ್ಲ ನನ್ನೆದುರು ಹೇಳುವಾಗಲೂ ಆಕೆ ತಲೆ ಎತ್ತಲಿಲ್ಲ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾವುದೋ ಮಗುವಿನ ಲಂಗದ ಅಂಚು ಬಿಚ್ಚುತ್ತಿದ್ದರು.

ನಮ್ಮ ಸ್ಟಾಪು ಬಂದಾಗ ಸೊಸೆ ಮೊದಲು ಇಳಿದು, ತಿರುಗಿ ನಿಂತು, ಕೈ ಚಾಚಿದಳು. "ಮೆಟ್ಟಿಲು ಎತ್ತರ ಇದೆ. ನಿಧಾನ." ಅಮ್ಮ ಒಂದು ಕೈಯಿಂದ ಅವಳ ಕೈ ಹಿಡಿದರು, ಇನ್ನೊಂದು ಕೈಯಿಂದ ಆ ಒದ್ದೆ ಚೀಲವನ್ನು ಇಸಿದುಕೊಂಡರು. ಮನೆಗೆ ಬಂದು, ಬಾಗಿಲಿನ ಬೀಗ ತೆಗೆಯುವ ಮೊದಲೇ, ಬೀದಿ ಕಡೆಯ ತಂತಿಯ ಮೇಲೆ ಸೊಸೆಯ ಈಜುಡುಗೆಯನ್ನು ಕೊಡವಿ ಹಾಕಿದರು. ಎದುರಿನ ಅಂಗಡಿಯಾಕೆ ಆಗ ತಾನೇ ಬಂದು ಬಾಗಿಲು ತೆಗೆಯುತ್ತಿದ್ದಳು, ನಿಂತು ನೋಡಿದಳು. ಅದರ ಮೇಲೊಂದು ಟವಲ್ಲು ಹೊದಿಸಲು ಅಮ್ಮನ ಕೈ ತಾನಾಗಿ ಎದ್ದಿತು. ಆ ಕೈಯಿಂದ ತಂತಿಗೆ ಎರಡು ಕ್ಲಿಪ್ಪು ಹಾಕಿ, ಆಕೆ ಒಳಗೆ ಹೋದರು.